ಕಣದಂಚಿನ ಕೈಕಲ್ಲು

ಸಾಲಿನ ಕೊನೆ ಮುಟ್ಟಿ ತಿರುಗುವಾಗ ಪ್ರೇಮಕುಮಾರಿಯ ಹಿಮ್ಮಡಿಗೆ ಒಂದು ಹರಳು ಚುಚ್ಚಿತು. ಬಗ್ಗಿ ತೆಗೆದು ಆಚೆ ಎಸೆದು, ಮತ್ತೆ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಎಳೆಯುತ್ತ ಹೊರಟಳು. ಅವಳು ನಡೆದಲ್ಲೆಲ್ಲ ಒಣಗಲು ಹರಡಿದ್ದ ಕಾಫಿ ಹಣ್ಣು ಅತ್ತಿತ್ತ ಸರಿದು, ಉತ್ತ ಗದ್ದೆಯಂತೆ ಗೆರೆ ಬೀಳುತ್ತಿತ್ತು. ಅಡಿಯಲ್ಲಿದ್ದ ಹಸಿ ಮೇಲೆ ಬಂದು ಬಿಸಿಲಿಗೆ ಮೈಯೊಡ್ಡುತ್ತಿತ್ತು. ಹೊತ್ತುಹೊತ್ತಿಗೆ ಹೀಗೆ ತಿರುವದಿದ್ದರೆ ಬೂಸ್ಟು ಹಿಡಿಯುತ್ತದೆ. ಈ ಕೆಲಸವನ್ನು ಕಾಲಲ್ಲೇ ಮಾಡಬೇಕು, ಕಾಲಿಗೆ ಹಸಿ ಯಾವುದು ಒಣಗಿದ್ದು ಯಾವುದು ಗೊತ್ತಾಗುತ್ತದೆ ಎಂದು ಕಲಿಸಿದವರು ಅವಳ ಅತ್ತೆ ಸಿದ್ದಗಂಗಮ್ಮ. ಅವರು ತೀರಿಕೊಂಡು ಆರು ವರ್ಷವಾಗಿತ್ತು.

ಸಾಲು ಮುಗಿಯುವ ಕಡೆ, ಕಣದ ಅಂಚಿನಲ್ಲಿ, ಎದೆಯೆತ್ತರದ ಕಲ್ಲೊಂದು ನಿಂತಿತ್ತು. ಕಲ್ಲಿನ ನಡುವಿನಿಂದ ಒಂದು ತೋಳು ಮೂಡಿ, ಮೊಣಕೈಯಲ್ಲಿ ಬಾಗಿ, ಮೇಲಕ್ಕೆದ್ದಿತ್ತು. ಅಂಗೈ ಬಿಚ್ಚಿಕೊಂಡಿತ್ತು. ಹೆಬ್ಬೆರಳ ಸಂದಿಯಲ್ಲಿ ಸಣ್ಣದೊಂದು ಉಂಡೆ. ವರ್ಷವರ್ಷ ಕಣದ ಕಟ್ಟೆಗೆ ಸುಣ್ಣ ಹೊಡೆಯುವಾಗ ಆಳುಗಳು ಇದಕ್ಕೂ ಒಂದು ಕೈ ಬಳಿಯುತ್ತಿದ್ದರಿಂದ ಪದರದ ಮೇಲೆ ಪದರ ಕೂತು, ಬೆರಳುಗಳು ಊದಿಕೊಂಡಂತೆ ಕಾಣುತ್ತಿದ್ದವು. ಮನೆಯ ಗಂಡಸರು ಅದನ್ನು ಕೈಕಲ್ಲು ಎನ್ನುತ್ತಿದ್ದರು. ಸಣ್ಣವನಿದ್ದಾಗ ಅವಳ ಗಂಡ ಶಶಿಧರ ಕೆರೆಯಲ್ಲಿ ಈಜಿ ಬಂದು ಒದ್ದೆ ಅಂಗಿಯನ್ನು ಅದರ ಮೇಲೆ ಒಣಹಾಕುತ್ತಿದ್ದನಂತೆ.

"ಇವತ್ತೂ ಬರ್ತಾರೇನಮ್ಮ, ಆ ಕತ್ತಿ ಚಿತ್ರದ ಅಂಗಿ ಹಾಕ್ಕಂಡೋರು?" ಕಣದ ಆಚೆ ತುದಿಯಿಂದ ಕೆಲಸದ ದ್ಯಾವಮ್ಮ ಕೇಳಿದಳು.

"ಬರ್ತಾರೆ. ಕಲ್ಲು ಕೆತ್ತೋನನ್ನೂ ಕರ್ಕೊಂಡು ಬರ್ತಾರಂತೆ."

"ಹೋದ್ವಾರ ಒಬ್ಬ ಆ ಕಲ್ಲಿನ ಬುಡದ ಮಣ್ಣು ಪೊಟ್ಣ ಕಟ್ಕೊಂಡ. ನಿನ್ನೆ ತಾನೆ ಸಗಣಿ ಬಳ್ದಿದ್ದೀನಿ ಮಾರಾಯ ಅಂದೆ. ಕೇಳಿಸ್ಕೊಳ್ಳೇ ಇಲ್ಲ, ಹಣೆಗೂ ಹಚ್ಕೊಂಡ."

ಪ್ರೇಮಕುಮಾರಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು.

ಇದೆಲ್ಲ ಶುರುವಾದದ್ದು ಒಂದು ಕಾದಂಬರಿಯಿಂದ. ಒಂದೂವರೆ ವರ್ಷದ ಹಿಂದೆ ಶಶಿಧರನಿಗೆ ಸ್ಟ್ರೋಕ್ ಆಗಿ ಬಲಗಡೆಯ ಕೈಕಾಲು ಸ್ವಾಧೀನ ತಪ್ಪಿ ಬಿದ್ದುಹೋದವು. ಕಾಲು ಒಂದು ತಿಂಗಳೊಳಗೆ ಸರಿಹೋಯಿತು, ಮಾತೂ ಬಂತು, ಕೈ ಮಾತ್ರ ಬರಲಿಲ್ಲ. ಇಡೀ ತೋಟಕ್ಕೆ ಕೇಳುವಂತೆ ಮೇಸ್ತ್ರಿಯನ್ನು ಕೂಗುತ್ತಿದ್ದ ಮನುಷ್ಯ ಕಿಟಕಿಯ ಪಕ್ಕ ಕೂತು ಗೋಡೆ ನೋಡತೊಡಗಿದ. ಬಾಯಿಗೆ ತುತ್ತಿಡಲು ಹೋದರೆ ಮುಖ ತಿರುಗಿಸುತ್ತಿದ್ದ. ಆಗ ಆಲ್ದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವನ ಗೆಳೆಯ ಓಂಕಾರಮೂರ್ತಿ ಒಂದು ಪುಸ್ತಕ ತಂದುಕೊಟ್ಟ. 'ಎಡಗೈ ಕತ್ತಿ' ಎಂದು ಅದರ ಹೆಸರು. ಸಾಂತಯ್ಯನಾಯಕ ಎಂಬ ವೀರನ ಕಥೆ. ಯುದ್ಧದಲ್ಲಿ ಅವನ ಬಲದೋಳು ಕಡಿದು ಬೀಳುತ್ತದೆ. ಅವನು ಎಡಗೈಯಲ್ಲಿ ಕತ್ತಿ ಹಿಡಿಯುವುದನ್ನು ಮೊದಲಿಂದ ಕಲಿತು, ಬಿದ್ದ ಕೋಟೆಯನ್ನು ಮರಳಿ ಗೆಲ್ಲುತ್ತಾನೆ. ಕಡಿದ ತೋಳನ್ನು ಅದು ಬಿದ್ದಲ್ಲೇ ಹೂತು, ಮೇಲೆ ತೋಳಿನದೇ ಕಲ್ಲು ನಿಲ್ಲಿಸುತ್ತಾರೆ.

ಶಶಿಧರ ಮೊದಲು ಆ ಪುಸ್ತಕವನ್ನು ಮುಟ್ಟಲಿಲ್ಲ. ಒಂದು ದಿನ ಪ್ರೇಮಕುಮಾರಿ ಅಡುಗೆಮನೆಯಿಂದ ಬಂದು ನೋಡಿದರೆ, ಎಡಗೈಯಲ್ಲಿ ಪುಸ್ತಕ ಹಿಡಿದು, ಗಲ್ಲದಿಂದ ಹಾಳೆ ಮಗುಚುತ್ತಿದ್ದ. ಮರುದಿನ ಚಮಚವನ್ನು ತಾನೇ ಹಿಡಿದ. ಅನ್ನವೆಲ್ಲ ಅಂಗಿಯ ಮೇಲೆ ಚೆಲ್ಲಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗಿ ಅತ್ತಳು. ಸುಖಕ್ಕೆ ಅತ್ತದ್ದು ಅವಳ ಬದುಕಿನಲ್ಲಿ ಅದೊಂದೇ ಸಲವಿರಬೇಕು.

ಎರಡನೇ ಸಲ ಓದುವಾಗ ಅವನಿಗೆ ಕಣದ ಕಲ್ಲು ನೆನಪಾಯಿತು. ತೋಳಿನ ಕಲ್ಲು. ವಸ್ತಾರೆಯ ಕಡೆಯ ಗುಡ್ಡ ಎಂದು ಕಾದಂಬರಿಯಲ್ಲೂ ಬರೆದಿತ್ತು. ಓಂಕಾರಮೂರ್ತಿಗೆ ಫೋನ್ ಮಾಡಿದ. ಆ ಪುಸ್ತಕದ ಓದುಗರು ಊರೂರಲ್ಲಿದ್ದರು; ವಾಟ್ಸಾಪ್‌ನಲ್ಲಿ ಗುಂಪು ಮಾಡಿಕೊಂಡು ನಾಯಕ ಹಾದುಹೋದ ದಾರಿಗಳನ್ನೆಲ್ಲ ಹುಡುಕುತ್ತಿದ್ದರು. ಆ ಗುಂಪಿಗೆ ಕಲ್ಲಿನ ಫೋಟೊ ಹೋದ ಮೇಲೆ ಭಾನುವಾರ ಭಾನುವಾರ ಜೀಪುಗಳು ಬರತೊಡಗಿದವು. ಶಶಿಧರ ಅವರನ್ನೆಲ್ಲ ಕಣದಲ್ಲಿ ನಿಲ್ಲಿಸಿ ಓದಿ ಹೇಳುತ್ತಿದ್ದ. ಅವನ ಹಳೆಯ ದನಿ ವಾಪಸು ಬಂದಿತ್ತು.

ಪ್ರೇಮಕುಮಾರಿಗೆ ಮಾತ್ರ ಆ ಕಲ್ಲು ಯಾರದೆಂದು ಗೊತ್ತಿತ್ತು.

ಮದುವೆಯಾಗಿ ಬಂದ ವರ್ಷ, ಗೌರಿಹಬ್ಬದ ಮರುದಿನ, ಅತ್ತೆ ಅವಳನ್ನು ಕಣಕ್ಕೆ ಕರೆದೊಯ್ದಿದ್ದರು. ಹುಣಸೆಹುಳಿ, ತೆಂಗಿನ ನಾರು, ಒಂದು ಕೊಡ ನೀರು. ಇಬ್ಬರೂ ಸೇರಿ ಕಲ್ಲು ತೊಳೆದರು. ಅತ್ತೆ ಅವಳ ಬೆರಳು ಹಿಡಿದು ಕಲ್ಲಿನ ಮಣಿಕಟ್ಟಿನ ಮೇಲೆ ಇಟ್ಟರು. ಒಂದರ ಪಕ್ಕ ಒಂದು ಉಬ್ಬುಗೆರೆ, ಮೊಣಕೈಯ ಹತ್ತಿರದವರೆಗೂ.

"ಬಳೆ," ಎಂದರು ಅತ್ತೆ. "ಗಂಡನ ಜತೆ ಬೆಂಕಿಗೆ ಹೋದೋಳು. ಕೈಲಿರೋದು ನಿಂಬೆಹಣ್ಣು. ಹೋಗೋವಾಗ ಕೊಡ್ತಿದ್ರಂತೆ."

"ಯಾರು ಅತ್ತೆ ಅವಳು?"

"ಯಾರಿಗೊತ್ತು. ತಾನಾಗೇ ಹೋದ್ಲೋ, ದೂಡಿದ್ರೋ ಅದೂ ಗೊತ್ತಿಲ್ಲ. ಇದು ಪೂಜೆ ಅಂತ ತಿಳ್ಕೋಬೇಡ. ಪೂಜೆ ಮಾಡೋದು ಬೇಡ ಇವಳಿಗೆ. ಮೈ ತೊಳೀಬೇಕು, ಅಷ್ಟೆ. ಸುಟ್ಟ ಮೈ ಅಲ್ವಾ."

ಸಿದ್ದಗಂಗಮ್ಮ ಆಗಲೇ ವಿಧವೆ. ಬರಿಗೈಯಿಂದ ಆ ಬಳೆಗೆರೆಗಳ ಮೇಲೆ ನೀರು ಹೊಯ್ಯುತ್ತಿದ್ದ ಅವರ ಮುಖ ಪ್ರೇಮಕುಮಾರಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಗಂಡಸರು ಅದನ್ನು ಹೆಂಗಸರ ಶಾಸ್ತ್ರ ಎಂದುಕೊಂಡರು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಜೀಪು ಬಂದಾಗ ಬಿಸಿಲು ನೆತ್ತಿಗೇರಿತ್ತು. ಓಂಕಾರಮೂರ್ತಿ, ನಾಲ್ಕಾರು ಹುಡುಗರು, ಮೂಡಿಗೆರೆ ಕಡೆಯ ಕಾಲೇಜು ಹುಡುಗಿ ಧನ್ಯಾ, ಚೀಲ ಹೊತ್ತ ಕೆತ್ತನೆಯವನು. ಶಶಿಧರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಇಳಿದು ಬಂದ.

"ಬರೋ ಭಾನುವಾರ ಇನ್ನೂರು ಜನ ಆಗ್ತಾರೆ ಶಶಿಯಣ್ಣ," ಎಂದ ಓಂಕಾರಮೂರ್ತಿ. "ಕಲ್ಲಿಗೊಂದು ಹೆಸರಿಲ್ಲ ಅಂದ್ರೆ ಹೆಂಗೆ? ಅಡಿಯಲ್ಲಿ ಇಷ್ಟಗಲ ಜಾಗ ಇದೆ. 'ವೀರ ಸಾಂತಯ್ಯನಾಯಕನ ಬಲದೋಳು'. ಕೆತ್ತಿಸಿ ಚಿನ್ನದ ಬಣ್ಣ ತುಂಬಿಸಿಬಿಡಾಣ."

"ಬೋರ್ಡ್ ಹಾಕಿದ್ರೆ ಸಾಕಾಗಲ್ವಾ?" ಎಂದಳು ಪ್ರೇಮಕುಮಾರಿ, ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು.

"ಬೋರ್ಡು ನಾಳೆ ತುಕ್ಕು ಹಿಡಿಯುತ್ತೆ ಅತ್ತಿಗೆ. ಕಲ್ಲಿನ ಮೇಲಿನ ಅಕ್ಷರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

ಕೆತ್ತನೆಯವನು ಉಳಿಯ ಬೆನ್ನಿನಿಂದ ಸುಣ್ಣ ಕೆರೆದು ನೋಡತೊಡಗಿದ. ಮಣಿಕಟ್ಟಿನ ಹತ್ತಿರ ಒಂದು ದಪ್ಪ ಚಕ್ಕೆ ಎದ್ದು ಬಿತ್ತು. ಅಡಿಯಲ್ಲಿ ಕಪ್ಪು ಕಲ್ಲು, ಅದರ ಮೇಲೆ ಸಾಲುಗೆರೆಗಳು. ಹುಡುಗರೆಲ್ಲ ಮುಂದೆ ನುಗ್ಗಿದರು.

"ಕಡಗ," ಎಂದ ಓಂಕಾರಮೂರ್ತಿ. "ನೋಡ್ರೋ, ನಾಯಕನ ಕಡಗ."

"ಇಷ್ಟೊಂದು ಕಡಗನಾ ಸಾರ್?" ಎಂದಳು ಧನ್ಯಾ.

"ಗೆದ್ದ ಒಂದೊಂದು ಯುದ್ಧಕ್ಕೆ ಒಂದೊಂದು ಕಣಮ್ಮ. ಕೈಲಿ ಮಣ್ಣುಂಡೆ ನೋಡು, ತಾಯ್ನೆಲದ ಮಣ್ಣು. ಬೀಳೋವಾಗಲೂ ಬಿಟ್ಟಿಲ್ಲ."

"ಅಂಗಡೀಲಿ ಗೊಬ್ಬರದ ಲೆಕ್ಕ ಹೊಂದಿಸೋ ಹಾಗೇ ಹೊಂದಿಸ್ತೀಯಲ್ಲೋ," ಎಂದು ಶಶಿಧರ ನಕ್ಕ. ನಗುತ್ತಲೇ ಹತ್ತಿರ ಹೋಗಿ ಆ ಗೆರೆಗಳನ್ನು ಎಡಗೈ ಬೆರಳಿಂದ ಸವರಿದ. ಅವನ ಕಣ್ಣು ತುಂಬಿತ್ತು.

ಓಂಕಾರಮೂರ್ತಿ ವೀಡಿಯೊ ಮಾಡಲು ಫೋನನ್ನು ಪ್ರೇಮಕುಮಾರಿಯ ಕಡೆ ತಿರುಗಿಸಿ ಹಿಡಿದ. "ಅತ್ತಿಗೆ, ಎರಡು ಮಾತು. ಸಿದ್ದಗಂಗಮ್ಮನೋರು ಈ ಕಲ್ಲಿನ ಬಗ್ಗೆ ಏನಾದ್ರೂ ಹೇಳ್ತಿದ್ರಾ? ಅವ್ರೇ ತಾನೆ ನೋಡ್ಕೊಂಡಿದ್ದು."

ಎಲ್ಲರೂ ಅವಳತ್ತ ತಿರುಗಿದರು. ಧನ್ಯಾ ಮಾತ್ರ ಕಲ್ಲನ್ನೂ ಅವಳ ಕೈಯ ಬಳೆಗಳನ್ನೂ ಒಮ್ಮೆ ನೋಡಿದಳೇನೋ ಎನಿಸಿತು. ಶಶಿಧರ ಕಲ್ಲಿನಿಂದ ಕೈ ತೆಗೆದಿರಲಿಲ್ಲ. ಬಿದ್ದುಹೋದ ಬಲಗೈ ಪಕ್ಕದಲ್ಲಿ ತೂಗುತ್ತಿತ್ತು. ಅವಳ ನಾಲಗೆಯ ತುದಿಗೆ ಬಂದದ್ದು ಒಂದೇ ಪದ. ಅದನ್ನು ಹೇಳಿಬಿಟ್ಟರೆ ಈ ಮನುಷ್ಯ ಇಷ್ಟು ಜನರೆದುರು ಆ ಕೈಯನ್ನು ಎಲ್ಲಿಡುತ್ತಾನೆ?

"ವರ್ಷಕ್ಕೊಂದ್ಸಲ ತೊಳೀತಿದ್ರು," ಎಂದಳು. "ಅಷ್ಟೆ."

"ನೋಡಿದ್ರಾ, ಆ ಕಾಲದೋರಿಗೆ ಗೊತ್ತಿತ್ತು," ಎಂದ ಓಂಕಾರಮೂರ್ತಿ ಫೋನಿಗೆ.

ಕೆತ್ತನೆಯವನು ಕಲ್ಲಿನ ಅಡಿಭಾಗದ ಸುಣ್ಣವನ್ನೂ ಕೆರೆದು ಒರೆಸಿ, ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಅಳತೆ ನೋಡಿದ. ನಾಳೆ ಬೆಳಗ್ಗೆ ಬಂದು ಉಳಿ ಹಾಕುತ್ತೇನೆ ಎಂದ. ಜೀಪು ಹೋದ ಮೇಲೆ ಕಣದಲ್ಲಿ ಅವರ ಚಪ್ಪಲಿ ತುಳಿದ ಕಾಫಿಯನ್ನು ದ್ಯಾವಮ್ಮ ಗೊಣಗುತ್ತ ಸರಿಮಾಡಿದಳು.

ಸಂಜೆ, ದಿನದಂತೆ, ಪ್ರೇಮಕುಮಾರಿ ಗಂಡನ ಪಕ್ಕ ಕೂತು ಅವನ ಬಲಗೈಗೆ ಎಣ್ಣೆ ತಿಕ್ಕಿದಳು. ಆಮೇಲೆ ವ್ಯಾಯಾಮ. ಮೊಣಕೈ ಮಡಚಿ, ಅಂಗೈ ಬಿಡಿಸಿ, ನಿಧಾನಕ್ಕೆ ಮೇಲೆತ್ತಬೇಕು. ಮೊದಮೊದಲು ಇಡೀ ಭಾರ ಅವಳದೇ ಇರುತ್ತಿತ್ತು. ಈಗ ಎದೆಯ ತನಕ ಅವನೇ ಎತ್ತುತ್ತಾನೆ, ಅಲ್ಲಿಂದ ಮೇಲಕ್ಕೆ ಅವಳು ಹಿಡಿಯಬೇಕು. ಭುಜದ ಮಟ್ಟಕ್ಕೆ ಬಂದಾಗ ಬೆರಳುಗಳು ತಾವಾಗಿ ಸ್ವಲ್ಪ ಬಿಚ್ಚಿಕೊಂಡವು. ಕಣದ ಕಲ್ಲಿನ ಹಾಗೆಯೇ ಇತ್ತು.

"ಮಧ್ಯಾಹ್ನ ಯಾಕೆ ಅಷ್ಟೇ ಹೇಳಿ ಸುಮ್ಮನಾದೆ?" ಎಂದ ಶಶಿಧರ.

"ಏನ್ ಹೇಳ್ಬೇಕಿತ್ತು?"

ಅವನು ಬಿಚ್ಚಿಕೊಂಡ ತನ್ನ ಬೆರಳುಗಳನ್ನೇ ನೋಡಿದ. "ಓಂಕಾರಂಗೆ ಅದೆಲ್ಲ ನಿಜ ಆಗ್ಬೇಕು. ತೋರ್ಸೋಕೆ ಕಲ್ಲು ಬೇಕು, ಜಾಗ ಬೇಕು. ನಂಗೆ ಹಂಗಲ್ಲ ಪ್ರೇಮಾ. ಆ ನಾಯಕ ಇದ್ನೋ ಇಲ್ವೋ ಅಂತ ನಾನು ಒಂದಿನಾನೂ ಯೋಚ್ನೆ ಮಾಡ್ಲಿಲ್ಲ. ಅವ್ನು ಎಡಗೈಲಿ ಕತ್ತಿ ಹಿಡಿಯೋಕೆ ಹೋಗಿ ಮೊದಲ್ನೇ ದಿನ ತನ್ನ ಕಾಲನ್ನೇ ಕೊಯ್ಕೊಳ್ತಾನೆ ನೋಡು, ಅಲ್ಲಿ ಹಿಡೀತು ನನ್ನ. ಯುದ್ಧ ಗೆದ್ದಿದ್ದೆಲ್ಲ ಆಮೇಲಿಂದು."

"ಮೇಲೆ ಎತ್ತಿ," ಎಂದಳು ಅವಳು.

"ಪುಸ್ತಕ ಹರಿದು ಹೋಗೋಷ್ಟು ಓದಿದ್ದೀನಿ. ಇನ್ನೊಂದು ತರಿಸ್ಬೇಕು."

ಕಾಫಿ ರಾಶಿ ಮಾಡುವ ಹೊತ್ತಾಗಿತ್ತು. ಅವಳು ಎಣ್ಣೆಗೈ ಒರೆಸಿಕೊಂಡು ಕಣಕ್ಕೆ ಇಳಿದಳು. ಮಲ್ಲಂದೂರು ಕಡೆಯ ಗುಡ್ಡದ ಮೇಲೆ ಬೆಳಕು ಇನ್ನೂ ಇತ್ತು. ಕಣದ ಮೇಲೆ ಸಿಲ್ವರ್ ಓಕ್ ಮರಗಳ ನೆರಳು ಚಾಚಿಕೊಂಡಿತ್ತು. ಹರಡಿದ್ದನ್ನೆಲ್ಲ ನಡುವಿಗೆ ಗುಡಿಸಿ, ಗುಡ್ಡೆ ಮಾಡಿ, ಇಬ್ಬನಿ ಬೀಳದಂತೆ ಟಾರ್ಪಾಲು ಎಳೆದು, ಅಂಚಿಗೆ ಕಲ್ಲು ಹೇರಿದಳು. ದ್ಯಾವಮ್ಮ ಮನೆಗೆ ಹೋಗಿಯಾಗಿತ್ತು.

ಕೈಕಲ್ಲಿನ ಬುಡದಲ್ಲಿ ಬಿಳಿಯ ಅಕ್ಷರಗಳು ಸಾಲಾಗಿ ನಿಂತಿದ್ದವು. ಅವಳು ಅದರೆದುರು ಕುಕ್ಕರುಗಾಲಲ್ಲಿ ಕೂತಳು. ಸಾಂತಯ್ಯನಾಯಕನ ಮೇಲೆ ಅವಳಿಗೆ ಕೋಪವಿರಲಿಲ್ಲ. ಅವನು ತನ್ನ ಗಂಡನ ಕೈಗೆ ಚಮಚ ಹಿಡಿಸಿದವನು. ಅವನಿಗೆ ಮುನ್ನೂರು ಪುಟಗಳಿವೆ, ಅಂಗಿಗಳ ಮೇಲೆ ಚಿತ್ರವಿದೆ, ಅವನ ಹೆಸರು ಹೇಳಿದರೆ ಕಣ್ಣು ತುಂಬಿಕೊಳ್ಳುವ ಜನರಿದ್ದಾರೆ. ಪುಸ್ತಕ ಹರಿದರೆ ಇನ್ನೊಂದು ತರಿಸುತ್ತಾರೆ. ಬೆಂಕಿಗೆ ಹೋದ ಇವಳಿಗೆ ಈ ಕಲ್ಲೊಂದು ಬಿಟ್ಟು ಏನಿದೆ? ಹೆಸರೂ ಇಲ್ಲ. ಅತ್ತೆ ಸತ್ತ ಮೇಲೆ ತೊಳೆದವರೂ ಇಲ್ಲ. ಕೆಲಸ, ಆಸ್ಪತ್ರೆ ಎಂದು ತಾನೂ ಮರೆತಿದ್ದಳು, ಮೇಲೆ ಸುಣ್ಣ ಕೂತಿತ್ತು.

ಪ್ರೇಮಕುಮಾರಿ ಕೈಯೆತ್ತಿ ಆ ಮಣಿಕಟ್ಟನ್ನು ಹಿಡಿದಳು. ಚಕ್ಕೆಯೆದ್ದ ಜಾಗ ಇಷ್ಟೇ ಇಷ್ಟು. ಒಂದು, ಎರಡು, ಮೂರು ಗೆರೆ. ಉಳಿದವು ಒಳಗಿದ್ದವು. ಅವಳದೇ ಗಾಜಿನ ಬಳೆಗಳು ಕಲ್ಲಿಗೆ ತಾಗಿ ಸಣ್ಣಗೆ ಸದ್ದಾಯಿತು.

ಬಾವಿಯ ಹತ್ತಿರ, ಬಟ್ಟೆ ಒಗೆಯುವ ಹಳೆಯ ಚಪ್ಪಡಿ ಒಂದು ಮಗುಚಿ ಬಿದ್ದಿತ್ತು. ನಯವಾದ ಕಲ್ಲು, ಅಕ್ಷರ ಚೆನ್ನಾಗಿ ಕೂರುತ್ತದೆ. ಬೆಳಗ್ಗೆ ಕೆತ್ತನೆಯವನು ಬಂದರೆ ಅವನನ್ನು ಕಣಕ್ಕೆ ಬಿಡದೆ ನೇರ ಅಲ್ಲಿಗೆ ಕರೆದೊಯ್ಯುವುದು. ನಾಯಕನ ಹೆಸರು ಅದರ ಮೇಲೆ ಕೆತ್ತಲಿ, ಎಷ್ಟು ದೊಡ್ಡದಾಗಿ ಬೇಕಾದರೂ ಕೆತ್ತಲಿ, ಗೇಟಿನ ಹತ್ತಿರ ನಿಲ್ಲಿಸಲಿ. ಈ ಕಲ್ಲಿಗೆ ಉಳಿ ತಾಗಬಾರದು. ಯಾಕೆ ಎಂದು ಓಂಕಾರಮೂರ್ತಿ ಕೇಳಿದರೆ, ಅತ್ತೆ ತೊಳೆದ ಕಲ್ಲು ಎನ್ನುವುದು. ಅದಕ್ಕೂ ಬಿಡದೆ ಕೇಳಿದರೆ, ಫೋನು ಹಿಡಿದಿದ್ದರೂ ಸರಿ, ಶಶಿಧರ ಪಕ್ಕದಲ್ಲೇ ಇದ್ದರೂ ಸರಿ, ಬಳೆ ಎಂದೇ ಹೇಳುವುದು.

ಸೆರಗಿನ ತುದಿಯನ್ನು ಕಣದ ಕಟ್ಟೆಯ ಮೇಲಿದ್ದ ಕೊಡದ ನೀರಿನಲ್ಲಿ ಅದ್ದಿ ಹಿಂಡಿ, ಬುಡದ ಅಕ್ಷರಗಳನ್ನು ಒಂದೊಂದಾಗಿ ಒರೆಸಿದಳು.

"ಮುಚ್ಚಿದ್ಯಾ ಪ್ರೇಮಾ?" ಮನೆಯಿಂದ ಶಶಿಧರ ಕೂಗಿದ. "ಇಬ್ಬನಿ ಜೋರಿದೆ."

"ಮುಚ್ಚಿದೆ, ಬಂದೆ," ಎಂದಳು. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಳೆಗೆ ಹುಣಸೆಹಣ್ಣು ನೆನೆಹಾಕಲು ಒಳಗೆ ಹೋದಳು.