ಮೂಲತೂಕ

ಹಿತ್ತಾಳೆ ನಲ್ಲಿಗಳಿಗೆ ಹೊಳಪು ಕೊಡುವ ಆ ಕಾರ್ಖಾನೆಯಲ್ಲಿ ಹೆಂಗಸರನ್ನು ತೂಗಿ ಒಳಗೆ ಬಿಡುತ್ತಿದ್ದರು, ತೂಗಿ ಹೊರಗೆ ಬಿಡುತ್ತಿದ್ದರು. ನಲ್ಲಿಯ ತಿರುಪುಗಳು ಚಿಕ್ಕವು, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂಬುದು ಕಂಪನಿಯ ಅನುಮಾನ. ಹಿತ್ತಾಳೆ ಕಾಣೆಯಾಗುತ್ತಿದ್ದುದು ಸುಳ್ಳಲ್ಲ. ಆದರೆ ಹಿಂಬದಿಯ ಗೇಟಿನಿಂದ ಚೂರುಪಾರು ತುಂಬಿಕೊಂಡು ಹೋಗುತ್ತಿದ್ದ ಲಾರಿಯನ್ನು ಮಾತ್ರ ಯಾರೂ ತೂಗುತ್ತಿರಲಿಲ್ಲ. ಲಾರಿ ಮ್ಯಾನೇಜರನ ಭಾವಮೈದುನನದು. ಭಾವಮೈದುನರನ್ನು ತೂಗುವ ತಕ್ಕಡಿ ಇನ್ನೂ ಬಂದಿಲ್ಲ.

ಸಂಜೆಯ ತೂಕ ಬೆಳಗಿನ ತೂಕಕ್ಕಿಂತ ಅರ್ಧ ಕಿಲೊ ಹೆಚ್ಚಾದರೆ ತಕ್ಕಡಿಯ ಮೇಲಿನ ಕೆಂಪು ದೀಪ ಹೊತ್ತಿಕೊಂಡು ಕೂಗುತ್ತಿತ್ತು. ಕೂಗಿತೆಂದರೆ ಗೇಟಿನ ಪಕ್ಕದ ಕೋಣೆ, ಅಲ್ಲಿ ಮೈಮೇಲಿನ ಬಟ್ಟೆಯೆಲ್ಲ ಕಳಚಿ ನಿಲ್ಲುವುದು. ಒಂದೇ ತಿಂಗಳಲ್ಲಿ ಮೂರು ಸಲ ಕೂಗಿದರೆ, ಏನೂ ಸಿಗದಿದ್ದರೂ, ಕೆಲಸ ಇಲ್ಲ.

ಹೆಂಗಸರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬೆಳಿಗ್ಗೆ ಗೇಟಿನ ಹೊರಗೆ ನಿಂತು ಗಟಗಟನೆ ನೀರು ಕುಡಿಯುವುದು. ಹೊಟ್ಟೆ ತಮಟೆಯಾಗುವಷ್ಟು ಕುಡಿದು, ಒಂದಕ್ಕೆ ಹೋಗದೆ ತಡೆದುಕೊಂಡು, ತೊಡೆ ಬಿಗಿಹಿಡಿದು ಸಾಲಿನಲ್ಲಿ ನಿಲ್ಲುವುದು. ತೂಕ ಮುಗಿಸಿದ್ದೇ ಕಕ್ಕಸಿನ ಕಡೆಗೆ ಓಟ. ಆಮೇಲೆ ಸಂಜೆಯವರೆಗೆ ಗಂಟಲಿಗೆ ಹನಿ ನೀರಿಲ್ಲ.

ಆ ಸಾಲಿನಲ್ಲಿ ಒಬ್ಬಳಿದ್ದಳು, ಬಾಯಿಬಡುಕಿ ಎಂದೇ ಹೆಸರು. ಅವಳಿಗೆ ಅಂಥ ಹೊತ್ತಿನಲ್ಲೇ ತಮಾಷೆ ಉಕ್ಕುತ್ತಿತ್ತು.

"ನೋಡ್ರೇ, ನಮ್ಮ ಸಾಲು ಹೆಂಗಿದೆ! ಒಳ್ಳೇ ಬಾತುಕೋಳಿಗಳು ಮದುವೆಗೆ ಹೊರಟ ಹಾಗೆ."

"ನಗಿಸಬೇಡ ಕಣೇ ಪಾಪಿ, ಇಲ್ಲೇ ಆಗೋಗುತ್ತೆ!"

"ಆದ್ರೆ ಆಗ್ಲಿ ಬಿಡು. ಕಂಪನಿ ನೆಲ ಒರೆಸೋಳೂ ನೀನೇ ತಾನೆ?"

ಅತ್ತಿಗೆ ಎಂದು ಎಲ್ಲರೂ ಕರೆಯುತ್ತಿದ್ದವಳು ಈ ಮಾತಿಗೆ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಅವಳು ನಿಜಕ್ಕೆ ಅತ್ತಿಗೆಯಾಗಿದ್ದುದು ಒಬ್ಬಳಿಗೇ, ಹಿಂದೆ ನಿಂತಿರುತ್ತಿದ್ದ ಗಂಡನ ತಂಗಿ ಗುಬ್ಬಿಗೆ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಮೂವರು: ಅತ್ತಿಗೆ, ಗುಬ್ಬಿ, ಕಾಲು ಬಾತುಕೊಂಡು ಮಂಚ ಹಿಡಿದ ಅತ್ತೆ. ಗುಬ್ಬಿಯನ್ನು ಕಾರ್ಖಾನೆಗೆ ಸೇರಿಸಿದವಳು ಅತ್ತಿಗೆಯೇ. ಹೆಸರಿಗೆ ತಕ್ಕ ಮೈ, ಹಿಡಿಯಷ್ಟು ಹುಡುಗಿ. ಆದರೆ ತಿರುಗುವ ಚಕ್ರಕ್ಕೆ ನಲ್ಲಿ ಹಿಡಿದು ನಿಂತಳೆಂದರೆ ಹಿತ್ತಾಳೆಯಲ್ಲಿ ಮುಖ ಕಾಣಬೇಕು, ಅಂಥ ಕೈ.

ನೀರಿನ ಉಪಾಯ ಮ್ಯಾನೇಜರನಿಗೆ ಗೊತ್ತಾಗಲು ತಡವಾಗಲಿಲ್ಲ. ಕಕ್ಕಸಿನ ಮುಂದೆ ಬೆಳಿಗ್ಗೆ ಬೆಳಿಗ್ಗೆ ಅಷ್ಟು ದೊಡ್ಡ ಸಾಲು ಯಾಕೆ ಎಂದು ಕೇಳಿದನಂತೆ. ಒಬ್ಬ ಮೇಸ್ತ್ರಿ ನಗುತ್ತ ಹೇಳಿಬಿಟ್ಟನಂತೆ. ಮಾರನೆಯ ತಿಂಗಳಿನಿಂದ ಹೊಸ ಪದ್ಧತಿ ಬಂತು. ದಿನಾ ಬೆಳಗಿನ ತೂಕ ರದ್ದು. ತಿಂಗಳ ಮೊದಲ ದಿನ ಒಂದೇ ಸಲ ತೂಗುವುದು. ಅದು ಮೂಲತೂಕ. ತಿಂಗಳು ಪೂರ್ತಿ, ಪ್ರತಿ ಸಂಜೆ, ಆ ಅಂಕಿಯ ಎದುರಿಗೇ ಹೆಂಗಸು ನಿಲ್ಲಬೇಕು.

"ಸಾರ್, ಮೈಯೇನು ಕಲ್ಲಾ? ಒಂದಿನ ಇದ್ದ ಹಾಗೆ ಇನ್ನೊಂದಿನ ಇರುತ್ತಾ?" ಎಂದು ಕೇಳಿದವಳು ಬಾಯಿಬಡುಕಿಯೇ.

"ತಿನ್ನೋದನ್ನ ಒಂದೇ ಥರ ತಿನ್ನಿ, ಇರುತ್ತೆ," ಎಂದ ಮ್ಯಾನೇಜರ್. ಅವನ ಹೊಟ್ಟೆ ಅವನಿಗಿಂತ ಮೊದಲು ಬಾಗಿಲು ದಾಟಿ ಒಳಗೆ ಹೋಯಿತು.

ಮೂಲತೂಕದ ದಿನ ಎಲ್ಲರೂ ಹಿಂದಿನ ರಾತ್ರಿಯಿಂದಲೇ ಉಪ್ಪುಪ್ಪಾಗಿ ಉಂಡು, ನೀರು ತುಂಬಿಕೊಂಡು ಬಂದಿದ್ದರು. ಗುಬ್ಬಿಗೆ ಮಾತ್ರ ಎರಡು ದಿನದಿಂದ ಭೇದಿ. ಕಣ್ಣು ಗುಳಿಬಿದ್ದಿದ್ದವು, ಕುಡಿದದ್ದು ನಿಲ್ಲುತ್ತಿರಲಿಲ್ಲ.

"ಇವತ್ತು ಬಿಟ್ಬಿಡಿ ಅತ್ತಿಗೆ. ಎದ್ದು ನಿಂತ್ರೆ ಗೋಡೆ ತಿರುಗುತ್ತೆ."

"ಇವತ್ತು ತೂಗಿಸದೆ ಇದ್ರೆ ತಿಂಗಳಿಡೀ ಗೇಟಿನ ಪಾಸಿಲ್ಲ. ನನ್ನ ಹೆಗಲು ಹಿಡ್ಕೊ, ಬಾ. ನಿಂತು ಇಳಿದುಬಿಡು, ಅಷ್ಟೇ."

ನಿಂತು ಇಳಿದಳು. ತಕ್ಕಡಿಯ ಹತ್ತಿರ ಕೂರುತ್ತಿದ್ದ ಮುದುಕನನ್ನು ಹೆಂಗಸರು ತಕ್ಕಡಿ ಮಾಮ ಎನ್ನುತ್ತಿದ್ದರು. ಅವನು ಅಂಕಿ ನೋಡಿ, ಹುಡುಗಿಯ ಮುಖ ನೋಡಿ, "ನಲವತ್ತೊಂದೇನಾ ತಾಯಿ?" ಎಂದ. ಅತ್ತಿಗೆಗೆ ಆಗಲೂ ಹೊಳೆಯಲಿಲ್ಲ. ಪಾಸಿನ ಮೇಲೆ ಮುದ್ರೆ ಬಿತ್ತಲ್ಲ ಎಂದು ಉಸಿರು ಬಿಟ್ಟಳು.

ಭೇದಿ ನಿಂತಿತು. ಹುಡುಗಿ ಉಂಡಳು, ಕುಡಿದಳು, ಗಲ್ಲಕ್ಕೆ ಬಣ್ಣ ಬಂತು. ತಕ್ಕಡಿ ಕೂಗಿತು. ಕೋಣೆಯಲ್ಲಿ ತಡಕುವ ಹೆಂಗಸು ಗುಬ್ಬಿಯ ಜಡೆಯನ್ನೂ ಬಿಚ್ಚಿ ಬೆರಳಾಡಿಸಿ, ಏನೂ ಸಿಗದೆ, "ಮತ್ತೆ ಭಾರ ಎಲ್ಲಿಂದ ಬಂತೇ?" ಎಂದು ಕೇಳಿದಳು. ಎರಡು ತುತ್ತು ಅನ್ನದಿಂದ, ಒಂದು ಚೊಂಬು ನೀರಿನಿಂದ ಬಂತು ಎಂದು ಯಾರಿಗೆ ಹೇಳುವುದು? ಮತ್ತೊಂದು ಸಂಜೆಯೂ ಕೂಗಿತು. ಇನ್ನು ಉಳಿದದ್ದು ಒಂದೇ ಕೂಗು. ತಿಂಗಳು ಇನ್ನೂ ಎಳೆಯದು.

ಅತ್ತಿಗೆಯೊಬ್ಬಳ ಸಂಬಳ ಮೂರು ಹೊಟ್ಟೆಗೆ ಸಾಲದು. ಅಲ್ಲಿಂದ ಆ ಮನೆಯ ಮೂರೂ ಜನರ ಅನ್ನ ಆ ಹುಡುಗಿಯ ಮೈಯ ಅರ್ಧ ಕಿಲೊ ಮೇಲೆ ನಿಂತಿತು.

ಅತ್ತಿಗೆ ತನ್ನ ಮೈಯನ್ನು ತಾನೇ ನೋಡುತ್ತ ಬಂದವಳು. ಉಪ್ಪು ಹೆಚ್ಚಾದ ದಿನ ಮೈ ನೀರನ್ನು ಬಿಗಿಹಿಡಿಯುತ್ತದೆ. ಹೊಟ್ಟೆ ಕಟ್ಟಿದ ದಿನ ಆ ಭಾರವೂ ನಮ್ಮದೇ. ಬೆವರು ಸುರಿದ ದಿನ ಹಗುರ, ಬೆವರಿದ್ದನ್ನು ಕುಡಿದು ತುಂಬಿಕೊಂಡರೆ ಮತ್ತೆ ಭಾರ. ತಿಂಗಳ ಮುಟ್ಟಿಗೆ ಮುಂಚಿನ ದಿನಗಳಲ್ಲಂತೂ ಕೈಬಳೆ ಕೂಡ ಏರುವುದಿಲ್ಲ. ಯಾರೂ ದಪ್ಪಗಾಗಿಲ್ಲ, ಯಾರೂ ಏನೂ ಕದ್ದಿಲ್ಲ. ನೀರು ಬಂದಿದೆ, ನೀರು ಹೋಗುತ್ತದೆ. ಇದು ಗೊತ್ತಿರದ ಹೆಂಗಸು ಆ ಸಾಲಿನಲ್ಲಿ ಒಬ್ಬಳೂ ಇರಲಿಲ್ಲ. ಗೊತ್ತಿದ್ದು ಬಂದ ಭಾಗ್ಯವೇನು?

ಗುಬ್ಬಿ ಮಧ್ಯಾಹ್ನದ ಊಟ ಬಿಟ್ಟಳು. ನೀರಿಗೆ ಬದಲು ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದಳು. ತಿರುಗುವ ಚಕ್ರದ ಬಿಸಿಗೆ, ಕಿಟಕಿಯಿಲ್ಲದ ಆ ಶೆಡ್ಡಿನ ಸೆಕೆಗೆ ಬೆವರು ಇಳಿದು ಬಟ್ಟೆಯ ಮೇಲೆ ಬಿಳಿ ಉಪ್ಪು ಗೆರೆ ಕಟ್ಟುತ್ತಿತ್ತು. ಸಂಜೆ ಹಸಿರು ದೀಪ ಬಂದರೆ ಅವತ್ತು ಗೆದ್ದ ಹಾಗೆ.

ಮುಟ್ಟಿನ ದಿನಗಳು ಹತ್ತಿರ ಬಂದಾಗ ಹಸಿವೂ ಸಾಲದಾಯಿತು. ಕಾಲ್ಬೆರಳು ಊದಿದವು. ಬೆಳಿಗ್ಗೆ ಎದ್ದು ಗುಬ್ಬಿ, "ಇವತ್ತು ಕೂಗುತ್ತೆ ಅತ್ತಿಗೆ. ನಂಗೆ ಗೊತ್ತಾಗ್ತಿದೆ, ಮೈ ಮಣ ಭಾರ," ಎಂದಳು.

ಅತ್ತಿಗೆಯ ಕಣ್ಣು ಕಿಟಕಿಯ ಮೇಲಿಟ್ಟಿದ್ದ ಅತ್ತೆಯ ಮಾತ್ರೆಗಳ ಮೇಲೆ ಹೋಯಿತು. ಕಾಲಿನ ಬಾವು ಇಳಿಯಲು ಕೊಟ್ಟ ನೀರಿನ ಮಾತ್ರೆ. ನುಂಗಿದ ಗಳಿಗೆಯಿಂದ ಮುದುಕಿಯನ್ನು ಬಚ್ಚಲಿಗೆ ಹಿಡಿದು ನಡೆಸುವುದೇ ಅತ್ತಿಗೆಯ ಕೆಲಸ. ಮೈಯಲ್ಲಿದ್ದ ನೀರನ್ನೆಲ್ಲ ಹಿಂಡಿ ಹಾಕುವ ಮದ್ದು. ಅರ್ಧ ಮುರಿದು ಕೊಟ್ಟಳು.

ಸಂಜೆ ಹಸಿರು ದೀಪ! ಗುಬ್ಬಿ ತಕ್ಕಡಿಯಿಂದ ಹಾರಿಯೇ ಇಳಿದಳು.

"ಅತ್ತಿಗೇ, ನಿಮ್ಮತ್ತೆ ಮಾತ್ರೆ ನನ್ನ ಕಾಪಾಡಿಬಿಡ್ತು!"

"ನಮ್ಮತ್ತೆ ನಿನಗೇನಾಗಬೇಕೇ, ಕೋತಿ?"

"ಕೆಲಸ ಇದ್ರೆ ಅಮ್ಮ. ಕೆಲಸ ಹೋದ್ರೆ ನಿಮ್ಮತ್ತೆ."

ಇಬ್ಬರೂ ದಾರಿಯುದ್ದಕ್ಕೂ ನಕ್ಕರು. ಮಾರನೆಯ ದಿನ ಇನ್ನರ್ಧ. ಆಮೇಲೆ ಪೂರ್ತಿ. ತಲೆನೋವೆಂದರೆ ನೋವಿನ ಗುಳಿಗೆ, ಅದರ ಮೇಲೆ ನೀರಿಲ್ಲ. ಗುಬ್ಬಿಯ ಮೂತ್ರ ಹಳದಿಯಿಂದ ಕಂದಾಯಿತು, ಆಮೇಲೆ ತೊಟ್ಟು ಬರುವುದೂ ಕಷ್ಟವಾಯಿತು. ಅವಳು ಅದನ್ನು ಹೇಳಲಿಲ್ಲ. ಹೇಳಿದರೆ ಅತ್ತಿಗೆ ಮಾತ್ರೆ ಕೊಡುವುದಿಲ್ಲವೆಂಬ ಭಯ.

ಒಂದು ಮಧ್ಯಾಹ್ನ ನಲ್ಲಿ ಹಿಡಿದ ಕೈ ಹಿಡಿದಂತೆಯೇ ಅವಳು ಚಕ್ರದ ಮುಂದೆ ಕುಸಿದಳು. ಬಾಯಿಬಡುಕಿ ಕೂಗಿಕೊಂಡು ಹೋಗಿ ಯಂತ್ರ ನಿಲ್ಲಿಸದಿದ್ದರೆ ಜಡೆ ಸುತ್ತಿಕೊಳ್ಳುತ್ತಿತ್ತು. ಮೇಸ್ತ್ರಿ ಮೊದಲು ಹೆಕ್ಕಿದ್ದು ಉರುಳಿಹೋದ ನಲ್ಲಿಯನ್ನು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮಾತ್ರೆಯ ವಿಷಯ ಕೇಳಿ ಅತ್ತಿಗೆಯನ್ನು ದುರುಗುಟ್ಟಿಕೊಂಡು ನೋಡಿದಳು. ತಕ್ಕಡಿಯ ವಿಷಯ ಕೇಳಿದ ಮೇಲೆ ನೋಟ ತಗ್ಗಿಸಿದಳು.

"ಮೂತ್ರಪಿಂಡ ಎರಡೂ ಒಣಗಿ ಹೋಗಿವೆಯಮ್ಮ. ಅವು ಮತ್ತೆ ಕೆಲಸ ಶುರು ಮಾಡಿದ್ರೂ ಮಾಡ್ಬಹುದು. ಮಾಡ್ದೇನೂ ಇರ್ಬಹುದು. ದಿನಕ್ಕೆ ಒಂದೆರಡು ಕಿಲೊ ಹೆಚ್ಚುಕಮ್ಮಿ ಆಗೋದು ಮೈಯ ಗುಣ. ಅದನ್ನ ಹಿಡಿದು ಕಳ್ಳರನ್ನ ಹುಡುಕ್ತಾರಾ?"

ಅತ್ತಿಗೆ ಈ ಮಾತನ್ನೇ ಮ್ಯಾನೇಜರನ ಮುಂದೆ ಹೋಗಿ ಹೇಳಿದಳು. ಅವನು ಸಿಟ್ಟಾಗಲಿಲ್ಲ.

"ನನಗೆ ಗೊತ್ತಿಲ್ವಾ? ನನ್ನ ಹೆಂಡತೀನೂ ದಿನಾ ತಕ್ಕಡಿ ಹತ್ತಿ ಅಳ್ತಾಳೆ. ಆದ್ರೆ ನಿಯಮ ಅನ್ನೋದು ಒಂದಿರಬೇಕಲ್ಲಮ್ಮ."

ಅವತ್ತು ಸಂಜೆ ಹೆಂಗಸರು ತಕ್ಕಡಿ ಹತ್ತಲಿಲ್ಲ. ಯಾರೂ ಕರೆ ಕೊಡಲಿಲ್ಲ, ಭಾಷಣವಿಲ್ಲ, ಬಾವುಟವಿಲ್ಲ. ಸಾಲಿನ ಮೊದಲಿದ್ದ ಬಾಯಿಬಡುಕಿ ತಕ್ಕಡಿಯ ಮುಂದೆ ನೆಲಕ್ಕೆ ಕುಕ್ಕರಿಸಿ, "ನಮ್ಮ ಗುಬ್ಬಿಗೆ ಮರುತೂಕ ಆಗೋ ತನಕ ನಾನು ಕಲ್ಲು," ಎಂದಳು. ಹಿಂದಿದ್ದವರೂ ಕೂತರು. ಗೇಟಿಗೆ ಬೀಗ ಬಿತ್ತು. ಕೂತಿರಲಿ, ಮನೆಯಲ್ಲಿ ಮಕ್ಕಳು ಅತ್ತಾಗ ತಾವೇ ಏಳುತ್ತಾರೆ ಎಂದುಕೊಂಡು ಮ್ಯಾನೇಜರ್ ಮೇಲಿನ ತನ್ನ ಆಫೀಸಿನ ಕಿಟಕಿಯಿಂದ ನೋಡಿದ. ಕತ್ತಲಾಯಿತು. ಮಕ್ಕಳು ಗೇಟಿನ ಆಚೆ ಬಂದು ನಿಂತು ಅತ್ತರು. ತಾಯಂದಿರು ಒಳಗೆ ಕೂತು ಅತ್ತರು. ಏಳಲಿಲ್ಲ. ಮಾರನೆಯ ದಿನ ಸರಕು ಸಾಗಿಸಬೇಕಾಗಿತ್ತು. ಕೊನೆಗೆ ಅವನೇ ಇಳಿದು ಬಂದ.

ಕೆಲಸದ ನಡುವೆ ಮಂಚ ಹಿಡಿದವಳ ಹೆಸರು ಹೊಡೆಯುವುದು ಪದ್ಧತಿ; ಈ ಹುಡುಗಿಗೆ ಹೆಸರು ಉಳಿಸಿ ಹೊಸ ಮೂಲತೂಕ. ಅವಳೊಬ್ಬಳಿಗೇ. ಬರುವ ತಿಂಗಳ ಮೊದಲ ದಿನ ಬರಬೇಕು. ಬರದಿದ್ದರೆ ಹೆಸರು ಹೊಡೆದು ಹಾಕಲಾಗುವುದು. ಪದ್ಧತಿ ಇದ್ದ ಹಾಗೇ ಇರುತ್ತದೆ.

ಇದನ್ನು ಗೆಲುವು ಎನ್ನದೆ ಬೇರೇನು ಎನ್ನುವುದು? ಹೆಂಗಸರು ಕೂಗಿಕೊಂಡು ಮನೆಗೆ ಹೋದರು.

ಮೊದಲ ದಿನದ ಮುಂಜಾನೆ ಗುಬ್ಬಿ ಆಸ್ಪತ್ರೆಯ ಮಂಚದಿಂದ ತಾನೇ ಇಳಿದು ಚಪ್ಪಲಿ ಹುಡುಕಿದಳು. ಕಣ್ಣುಗಳು ಊದಿ ಗೆರೆಯಂತಾಗಿದ್ದವು. ಮೂತ್ರ ಇನ್ನೂ ಸರಿಯಾಗಿ ಇಳಿಯುತ್ತಿರಲಿಲ್ಲ. ಕೊಟ್ಟ ನೀರು, ಹನಿಹನಿಯಾಗಿ ಏರಿಸಿದ ನೀರು, ಎಲ್ಲ ಮೈಯಲ್ಲೇ ನಿಂತಿತ್ತು. ದಿನಕ್ಕೆ ಒಂದೇ ಲೋಟ ನೀರು, ಅದಕ್ಕಿಂತ ಮೇಲೆ ಹನಿಯೂ ಬೇಡ, ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಳು ಡಾಕ್ಟರಮ್ಮ.

"ಬೇಡ ಕಣೇ," ಎಂದಳು ಅತ್ತಿಗೆ. "ಹೋದ್ರೆ ಹೋಗ್ಲಿ ಆ ಹಾಳು ಕೆಲಸ."

"ಹೋದ್ರೆ ಅಮ್ಮನ ಮಾತ್ರೆ ಯಾರು ತರ್ತಾರೆ? ನಾನು ಬಿದ್ದಿರೋ ಈ ಮಂಚಕ್ಕೆ ಅನ್ನ ಯಾರು ತರ್ತಾರೆ? ಅಷ್ಟು ಜನ ನನಗೋಸ್ಕರ ನೆಲದ ಮೇಲೆ ಕೂತ್ರಲ್ಲ. ನಿಂತು ಇಳಿದುಬಿಡ್ತೀನಿ. ಅಷ್ಟೇ."

ಅತ್ತಿಗೆ ತನ್ನ ಹೆಗಲು ಕೊಟ್ಟಳು.

ಗೇಟಿನಲ್ಲಿ ಹೆಂಗಸರು ದಾರಿ ಬಿಟ್ಟು ನಿಂತರು. ಗುಬ್ಬಿ ತಕ್ಕಡಿ ಹತ್ತಿದಳು. ಅಂಕಿಗಳು ಓಡಿ, ತಡವರಿಸಿ, ನಿಂತವು. ತಕ್ಕಡಿ ಮಾಮ ಕಣ್ಣುಜ್ಜಿಕೊಂಡ. "ನಲವತ್ತೊಂಬತ್ತು," ಎಂದ.

ಚಪ್ಪಾಳೆ ಎದ್ದಿತು.

"ನಲವತ್ತೊಂಬತ್ತಂತೆ ಕಣ್ರೇ! ಇವಳೇ ಮಹಾರಾಣಿ!" ಎಂದು ಕಿರುಚಿದಳು ಬಾಯಿಬಡುಕಿ. "ಆಸ್ಪತ್ರೆ ಊಟ ಚೆನ್ನಾಗಿ ಹತ್ತಿದೆ ನೋಡು! ಇನ್ನು ಒಂದು ಮೂಟೆ ನಲ್ಲಿ ಸೊಂಟಕ್ಕೆ ಕಟ್ಕೊಂಡು ಹೋದ್ರೂ ಈ ದೆವ್ವ ಕೂಗಲ್ಲ!"

ಮೇಲಿನ ಕಿಟಕಿಯಲ್ಲಿ ಮ್ಯಾನೇಜರ್ ನಿಂತಿದ್ದ. ಅತ್ತಿಗೆ ಕೆಳಗೆ ನೋಡಿದಳು. ಚಪ್ಪಲಿಯ ಪಟ್ಟಿ ಗುಬ್ಬಿಯ ಪಾದದೊಳಗೆ ಹೂತುಹೋಗಿತ್ತು. ಇದು ಮೈಯಲ್ಲ, ನೀರು, ಸಾಯಿಸುವ ನೀರು ಎಂದು ಈಗ ಬಾಯಿಬಿಟ್ಟರೆ, ಕಾಯಿಲೆಯವಳಿಗೆ ಪಾಸಿಲ್ಲ ಎಂದು ಮುದ್ರೆ ಎತ್ತಿದ ಕೈ ಮೇಲೆಯೇ ನಿಲ್ಲುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಮುದ್ರೆ ಬಿತ್ತು.

ಯಾರೋ ನೀರಿನ ಬಾಟಲಿ ತಂದು ಗುಬ್ಬಿಯ ಕೈಗಿಟ್ಟರು. "ಕುಡಿಯೇ, ಹೊಟ್ಟೆ ತುಂಬ ಕುಡಿ. ಇನ್ನು ನಿನಗೆ ಯಾರ ಭಯ!"

ಹುಡುಗಿಯ ತುಟಿ ಒಡೆದಿದ್ದವು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚಳ ತಿರುಗಿಸಿದಳು. ಅತ್ತಿಗೆ ಅದನ್ನು ಕಿತ್ತುಕೊಂಡಳು.

"ಇದೇನತ್ತಿಗೆ," ಎಂದಳು ಬಾಯಿಬಡುಕಿ. ಅವಳ ನಗು ಅರ್ಧಕ್ಕೇ ನಿಂತಿತ್ತು. "ಈಗಲೂ ಕುಡಿಯಂಗಿಲ್ವಾ?"

"ಆಮೇಲೆ ಕುಡೀತಾಳೆ," ಎಂದಳು ಅತ್ತಿಗೆ.

ಗುಬ್ಬಿ ಬಾಟಲಿಯನ್ನೇ ನೋಡುತ್ತಿದ್ದಳು. ಒಳಗೆ ಯಂತ್ರಗಳು ಒಂದೊಂದಾಗಿ ಶುರುವಾದವು. ಮೇಸ್ತ್ರಿ ಹೆಸರು ಹಿಡಿದು ಕೂಗಿದ, ಸಾಲು ಮುಂದೆ ಸರಿಯಿತು. ಅವಳು ಒಂದೊಂದೇ ಪಾದ ಎತ್ತಿಟ್ಟು ತನ್ನ ಚಕ್ರದ ಕಡೆಗೆ ನಡೆದಳು.