ಸಿಮೆಂಟಿನ ಸೂರು

“ಏಯ್, ಎಮ್ಮೆ ಹಾಗೆ ಅಡ್ಡ ನಿಲ್ಬೇಡ, ಪಕ್ಕಕ್ಕೆ ಸರಿ. ನಿನ್ನ ಬೆವರಿನ ನಾತ ಮೂಗಿಗೆ ಹೊಡೀತಿದೆ,” ಎಂದು ನನ್ನನ್ನು ಗದರಿ ಗಣತಿ ಸಾಹೇಬರು ಕರವಸ್ತ್ರ ಹಿಡಿದು ನಮ್ಮ ಪೈಪಿನೊಳಗೆ ಬಗ್ಗಿ ನೋಡಿದರು.

ಚರಂಡಿಗೆ ಹೂಳುವ ಸಿಮೆಂಟ್ ಪೈಪು ಅದು. ಹೂಳುವವರು ನಾವೇ, ಹೂಳುವವರೆಗೂ ನಮ್ಮ ಸಂಸಾರ ಅದರಲ್ಲೇ. ದಿನಕ್ಕೊಂದು ಪೈಪು ನೆಲಕ್ಕಿಳಿದಂತೆ ದಿನಕ್ಕೊಂದು ಸಂಸಾರ ಬೀದಿಗೆ ಬೀಳುತ್ತಿತ್ತು. ಉಳಿದಿದ್ದು ನನ್ನ ಮತ್ತು ಅವ್ವನ ಪೈಪೊಂದೇ, ಅದೂ ಇವತ್ತೇ ಇಳಿಯಬೇಕು. ಮನೆಯಿಲ್ಲದವರ ಪಟ್ಟಿಗೆ ಹೆಸರು ಸೇರಿದರೆ ಸರ್ಕಾರದ ಕೋಣೆ ಸಿಗುತ್ತದೆಂದು ಅವ್ವ ಬೆಳಗಿನಿಂದ ಕಾದಿದ್ದಳು.

ಕಾದವಳು ಸುಮ್ಮನಿರಬೇಕಿತ್ತು. ದೊಡ್ಡವರು ಬರುತ್ತಾರೆಂದು ಪೈಪು ತೊಳೆದಳು, ಹಳೆಯ ಸೀರೆ ಹರಿದು ಪರದೆ ಕಟ್ಟಿದಳು, ಇದ್ದ ಮೂರು ಪಾತ್ರೆ ಉಜ್ಜಿ ಸಾಲಾಗಿಟ್ಟಳು. ಬಡವರಿಗೆ ಮಾನ ಎನ್ನುವುದು ಎಂಥ ಕೆಟ್ಟ ಚಟವೋ.

“ಪರದೆ, ಪಾತ್ರೆ, ಸಿಮೆಂಟ್ ಸೂರು,” ಸಾಹೇಬರು ಬರೆದುಕೊಂಡರು. “ಮನೆ ಇದೆ.”

“ಇದು ಪೈಪು ಸ್ವಾಮಿ,” ಎಂದೆ. “ಇನ್ನೊಂದು ಗಳಿಗೆಗೆ ಮಣ್ಣೊಳಗೆ ಹೋಗುತ್ತೆ.”

“ಈಗ ಕಂಡಿದ್ದನ್ನ ಬರೀತೀನಿ. ನಾನು ಹೊರದೇಶ ಸುತ್ತಿ ಬಂದವನಯ್ಯಾ. ಅಷ್ಟು ದುಡ್ಡಿರೋ ದೇಶದಲ್ಲೂ ಜನ ಹಿಮದಲ್ಲಿ ರಟ್ಟು ಹೊದ್ದು ಮಲಗ್ತಾರೆ, ಬೆಳಗ್ಗೆ ಏಳೋದೇ ಇಲ್ಲ. ಅವರ ಮುಂದೆ ನೀವು ಮಹಾರಾಜರು.”

ಅವ್ವ ತಲೆಯೆತ್ತಿದಳು. “ಅಲ್ಲಿಯೋರಿಗೂ ನಮ್ಮನ್ನ ತೋರಿಸಿ, ಇವರಿಗಿಂತ ನೀವೇ ಪುಣ್ಯವಂತರು ಅಂತಾರಾ ಸ್ವಾಮಿ?”

ಸಾಹೇಬರು ಕಾರು ಹತ್ತಿದರು.

ಕ್ರೇನು ಬಂತು. ಪೈಪಿಗೆ ಸರಪಳಿ ಕಟ್ಟಿದೆ. ಇನ್ನು ನಾನು ಕ್ರೇನಿನವನಿಗೆ ಕೈಯೆತ್ತಿ ಸನ್ನೆ ಮಾಡುವುದಷ್ಟೇ ಬಾಕಿ. ಅವ್ವ ಮಾತ್ರ ಒಳಗೆ ಚಕ್ಕಳಮಕ್ಕಳ ಹಾಕಿ ಕೂತೇ ಇದ್ದಳು.

“ಆಚೆ ಬಾರೇ ಮುದಿ ಮುಂಡೆ,” ಎಂದ ಕಂತ್ರಾಟುದಾರ.

“ಮನೆ ಅಂತ ಬರ್ಕೊಂಡು ಹೋದ್ರಲ್ಲ. ಮನೆ ಬಿಟ್ಟು ಎಲ್ಲಿಗೆ ಬರ್ಲಿ?”

ಅವನು ನನ್ನ ಕಡೆ ತಿರುಗಿದ. “ಎತ್ತೋ ಕೈ, ಬೋಳಿಮಗನೆ. ಪೈಪು ಅಲ್ಲಾಡಿದ್ರೆ ತಾನೇ ಹೆದರಿ ಜಿಗೀತಾಳೆ. ಆಗಲ್ಲ ಅಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ನನಗೆ ಅವನ ಮೇಲೂ, ಪೈಪು ತೊಳೆದಿಟ್ಟ ಅವ್ವನ ಮೇಲೂ ಸಿಟ್ಟು ಬಂತು. ಪೈಪಿನೊಳಗೆ ತೆವಳಿ ಅವಳ ಪಕ್ಕ ಕೂತೆ. ಅವಳು ಸರಿದು ಜಾಗ ಕೊಟ್ಟಳು.

ಕಂತ್ರಾಟುದಾರ ಇನ್ನೊಬ್ಬ ಕೂಲಿಯನ್ನು ಕರೆದ. ನಿನ್ನೆ ಇಳಿದದ್ದು ಅವನ ಪೈಪು. ಅವನ ಹೆಂಡತಿ ಮಕ್ಕಳು ರಸ್ತೆಯಂಚಿನಲ್ಲಿ ಗಂಟಿನ ಮೇಲೆ ಕೂತಿದ್ದರು. ಅವನು ನಮ್ಮ ಕಡೆ ನೋಡದೆ ಕೈಯೆತ್ತಿದ.

ಸರಪಳಿ ಬಿಗಿಯಾಯಿತು. ಪೈಪು ನೆಲ ಬಿಟ್ಟಿತು.