ಎತ್ತಿದ ಕೈಯ ಅಳತೆ

ಹಾಲು ಇನ್ನೇನು ಉಕ್ಕಬೇಕು, ಉರಿ ತಗ್ಗಿಸಲು ಅವಳು ಕೈ ಚಾಚಿದ್ದಳು. ಅಷ್ಟರಲ್ಲಿ ನಡುಮನೆಯಿಂದ ಅತ್ತೆ ಕಿರುಚಿದ್ದು ಕೇಳಿ ಹಾಗೇ ಓಡಿದಳು. ಅತ್ತೆ ಕುರ್ಚಿಯಿಂದ ಅರ್ಧ ಎದ್ದು, ಬೆನ್ನು ಸವರಿಕೊಳ್ಳುತ್ತ ನಿಂತಿದ್ದರು. ಕುರ್ಚಿಯ ಮೇಲೆ ಅವಳು ಹೊಲಿದ ನೀಲಿ ಕೋಟು ನೇತಾಡುತ್ತಿತ್ತು.

"ಇದೇನು ಬಟ್ಟೇನಾ, ಮುಳ್ಳುಹಂದೀನಾ? ನೆಮ್ಮದಿಯಾಗಿ ಬೆನ್ನು ಆನಿಸೋ ಹಾಗಿಲ್ಲ ಈ ಮನೇಲಿ!"

"ಅಯ್ಯೋ ಅತ್ತೆ, ಚುಚ್ಚಿಬಿಡ್ತಾ? ನಿನ್ನೆ ಎತ್ತಿಡೋಕೆ ಮರೆತೆ."

"ಚುಚ್ಚಿಬಿಡ್ತಾ ಅಂತೆ! ಹೊಲಿದೋಳು ನೀನು, ಸೂಜಿ ಸಿಗಿಸಿದೋರು ನಿನ್ನ ಗೆಳೆಯರು, ರಕ್ತ ಮಾತ್ರ ನಂದು."

ಅಡುಗೆಮನೆಯಲ್ಲಿ ಸುರ್ ಎಂದು ಸದ್ದಾಯಿತು. ಹಲ್ಲುಜ್ಜುತ್ತಿದ್ದ ಮಗಳು ಬಾಯ್ತುಂಬ ನೊರೆ ಇಟ್ಟುಕೊಂಡೇ ಓಡಿಹೋಗಿ ಒಲೆ ಆರಿಸಿದಳು. ಅರ್ಧ ಹಾಲು ಕಟ್ಟೆಯ ಮೇಲಿತ್ತು. ಹಿಂದೆಯೇ ಬಂದ ತಾಯಿ ಒರೆಸುವ ಬಟ್ಟೆ ಹುಡುಕುತ್ತ ಗಡಿಯಾರ ನೋಡಿದಳು. ಏಳೂಕಾಲು. ಹತ್ತೂವರೆಗೆ ಸೂಜಿಗಳನ್ನು ವಾಪಸು ಮಾಡಬೇಕಿತ್ತು.

ಭಾನುವಾರದ ಕೂಟ ನಡೆಯುತ್ತಿದ್ದುದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಹತ್ತು ಹನ್ನೆರಡು ಜನ, ಅವರಲ್ಲಿ ಒಬ್ಬರೂ ಕಸುಬಿನ ದರ್ಜಿಗಳಲ್ಲ. ಹಲ್ಲಿನ ಡಾಕ್ಟರೊಬ್ಬರು ಅಂಗಿಗಳನ್ನು ಕತ್ತರಿಸುತ್ತಿದ್ದರು, ಬ್ಯಾಂಕಿನ ಗುಮಾಸ್ತೆಯೊಬ್ಬಳು ಟೋಪಿ ಮಾಡುತ್ತಿದ್ದಳು. ತಾವೇ ಯೋಚಿಸಿ, ತಾವೇ ಕತ್ತರಿಸಿ ಹೊಲಿದದ್ದನ್ನು ಒಬ್ಬೊಬ್ಬರೂ ತಮ್ಮ ಸರದಿಯಲ್ಲಿ ತಂದು ತೋರಿಸಬೇಕು. ಯಜಮಾನಿಕೆ ಟೇಪು ಮೇಡಮ್ಮಿನದು. ಮೂವತ್ತು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಅಳತೆಯ ಟೇಪನ್ನು ಕೊರಳಿಂದ ಎಂದೂ ಇಳಿಸದವರು.

ಅಲ್ಲಿನ ಪದ್ಧತಿಯೂ ಅವರೇ ಕಟ್ಟಿದ್ದು. ತಂದ ಬಟ್ಟೆಯನ್ನು ಆಳೆತ್ತರದ ದರ್ಜಿ ಗೊಂಬೆಗೆ ತೊಡಿಸುವುದು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ತಲೆಯ ಗುಂಡುಸೂಜಿ. ತಪ್ಪು ಕಂಡಲ್ಲಿ ಸಿಗಿಸಿ, ಯಾಕೆಂದು ಹೇಳುವುದು. ಹೊಲಿದವರು ಆಗ ತುಟಿ ಪಿಟಕ್ಕೆನ್ನುವಂತಿಲ್ಲ. ಸೂಜಿಗಳ ಸಮೇತ ಮನೆಗೆ ಒಯ್ದು, ತಿದ್ದಿದ ಮೇಲೆ ಒಂದೊಂದನ್ನೇ ಕಿತ್ತು ಅದರ ಒಡೆಯರಿಗೆ ಒಪ್ಪಿಸಬೇಕು. ಎಲ್ಲ ಸೂಜಿಯೂ ಮರಳಿದ ಬಟ್ಟೆಯ ನಕ್ಷೆ ಕೂಟದ ಮಾದರಿ ಪುಸ್ತಕಕ್ಕೆ ಸೇರುತ್ತದೆ. ತಿದ್ದದವರಿಗೆ ಒಂದು ವರ್ಷ ಗೊಂಬೆ ಇಲ್ಲ. ಬೇಕಾದರೆ ಬಂದು ಕೂರಬಹುದು, ಬೇರೆಯವರದ್ದು ನೋಡಬಹುದು, ಅಷ್ಟೆ.

ಎರಡು ವರ್ಷದಿಂದ ಅವಳು ಒಳ್ಳೆಯ ಹುಡುಗಿಯ ಹಾಗೆ ತಿದ್ದಿಕೊಂಡು ಬಂದಿದ್ದಳು. ಕಲಿತದ್ದೂ ನಿಜ. ಮೊದಮೊದಲು ಅವಳ ಅಂಚುಗಳು ಹಾವಿನ ಹಾಗೆ ಹರಿಯುತ್ತಿದ್ದವು, ಈಗ ಗೆರೆ ಎಳೆದ ಹಾಗೆ ಬರುತ್ತಿದ್ದವು. ಆದರೆ ಮಗಳಿಗೆಂದು ಮಾಡಿದ ಅಗಲ ಕಾಲರಿನ ಫ್ರಾಕು ಸೂಜಿಯಿಂದ ಸೂಜಿಗೆ ಸಣ್ಣದಾಗುತ್ತ ಹೋಗಿ ಕೊನೆಗೆ ಅಂಗಡಿಯ ಫ್ರಾಕಿನ ಹಾಗೇ ಆಗಿತ್ತು. ಮಗಳು ಅದನ್ನು ಒಮ್ಮೆ ತೊಟ್ಟು ಮಡಿಸಿಟ್ಟಳು.

ಈ ಕೋಟು ಹಾಗಲ್ಲ. ಔಷಧಿಗಳ ಗೋದಾಮಿನಲ್ಲಿ ಅವಳ ಕೆಲಸ. ದಿನವಿಡೀ ರಟ್ಟಿನ ಪೆಟ್ಟಿಗೆಗಳನ್ನು ಮೇಲಿನ ಕಪಾಟಿಗೆ ಏರಿಸಬೇಕು, ಇಳಿಸಬೇಕು. ಅಲ್ಲಿ ಕೊಟ್ಟಿದ್ದ ಕೋಟು, ಕೈ ಎತ್ತಿದಾಗಲೆಲ್ಲ ಕಂಕುಳಲ್ಲಿ ಬಿಗಿದು, ಗೇಣುದ್ದ ಮೇಲೇರಿ ಸೊಂಟ ಬಯಲು ಮಾಡುತ್ತಿತ್ತು. ಅಲ್ಲಿನ ಹೆಂಗಸರೆಲ್ಲ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಕೋಟಿನ ಅಂಚು ಹಿಡಿದು ಕೆಲಸ ಮಾಡುವುದನ್ನು ಆರು ವರ್ಷ ನೋಡಿದ್ದಳು. ಒಂದು ಮಧ್ಯಾಹ್ನ ಗೋಡೆಗೆ ಹಳೆಯ ಪತ್ರಿಕೆಗಳನ್ನು ಅಂಟಿಸಿ, ಎರಡೂ ಕೈ ಎತ್ತಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಮಗಳು ಸ್ಟೂಲು ಹತ್ತಿ ಬಳಪದಿಂದ ಸುತ್ತ ಗೆರೆ ಎಳೆದಳು. ಕಂಕುಳ ಹತ್ತಿರ ಬಂದಾಗ ಅವಳಿಗೆ ಕಚಗುಳಿಯಾಗಿ ಮೂರು ಸಲ ಗೆರೆ ತಪ್ಪಿತು. ಆ ಗೆರೆಯ ಮೇಲೆ ಹುಟ್ಟಿದ ಕೋಟು ಇದು. ಎರಡು ಕಂಕುಳಿಗೂ ಅಂಗೈಯಗಲದ ಚೌಕದ ತುಂಡು ಸೇರಿಸಿದ್ದಳು. ಕೈ ಎತ್ತಿದರೆ ಆ ತುಂಡು ಬಿಚ್ಚಿಕೊಳ್ಳುತ್ತದೆ, ಕೋಟು ಇದ್ದಲ್ಲೇ ಇರುತ್ತದೆ. ಕೈ ಇಳಿಸಿದರೆ ಅಲ್ಲೇ ನೆರಿಗೆಯಾಗಿ ಉಬ್ಬುತ್ತದೆ.

ಕಳೆದ ಭಾನುವಾರ ಆ ಉಬ್ಬಿಗೇ ಎಲ್ಲರ ಕಣ್ಣು ಬಿದ್ದಿತ್ತು. ಒಟ್ಟು ಇಪ್ಪತ್ಮೂರು ಸೂಜಿ. ಮೂರು ಬಿಟ್ಟರೆ ಉಳಿದ ಇಪ್ಪತ್ತೂ ಕಂಕುಳಿಗೆ.

ತಿಂಡಿ ಮುಗಿಸಿ, ಪಾತ್ರೆ ತೊಳೆದು, ಬಟ್ಟೆ ನೆನೆಹಾಕಿ ಕೂರುವಾಗ ಒಂಬತ್ತಾಗಿತ್ತು. ಆ ಮೂರು ಸೂಜಿಗಳ ಮಾತು ನ್ಯಾಯವಾಗಿತ್ತು. ಜೇಬು ಒಂದು ಕೂದಲೆಳೆ ಓರೆಯಾಗಿತ್ತು, ಒಂದು ಗುಂಡಿಯ ದಾರ ಸಡಿಲವಿತ್ತು, ಕಾಲರಿನ ತುದಿ ಮಡಚಿಕೊಂಡಿತ್ತು. ಮೂರನ್ನೂ ಸರಿಮಾಡಿ ಆ ಸೂಜಿಗಳನ್ನು ಕಿತ್ತಿಟ್ಟಳು. ಆಮೇಲೆ ಬ್ಲೇಡು ತೆಗೆದುಕೊಂಡು ಕಂಕುಳ ಚೌಕದ ಮೊದಲ ಹೊಲಿಗೆಗೆ ತಾಗಿಸಿ, ಹಾಗೇ ಕೂತಳು.

"ಬಿಚ್ತೀಯಾ?" ಎಂದಳು ಮಗಳು.

"ಬಿಚ್ಚದಿದ್ರೆ ಒಂದು ವರ್ಷ ಏನೂ ತೋರಿಸೋ ಹಾಗಿಲ್ಲ ಕಣೇ."

ಮಗಳು ಬಾಯಿ ತೆರೆದು ಮತ್ತೆ ಮುಚ್ಚಿದಳು. ಹೋದ ವಾರ ಕೂಟದಲ್ಲೂ ಹಿಂದಿನ ಬೆಂಚಿನ ಮೇಲೆ ಕೂತು ಹೀಗೇ ಮಾಡಿದ್ದಳು.

"ಏನದು? ಒಂದು ವಾರದಿಂದ ನೋಡ್ತಿದೀನಿ, ಏನೋ ಗಂಟಲಲ್ಲಿ ಇಟ್ಕೊಂಡಿದೀಯ. ಕೇಳು."

"ಇಲ್ಲಿ ಕೇಳಿದ್ರೆ ಏನುಪಯೋಗ? ನಿನಗೆ ಗೊತ್ತಲ್ಲ. ಅಲ್ಲೇ ಕೇಳ್ಬೇಕು."

"ಅಲ್ಲಿ ಮಕ್ಕಳು ಮಾತಾಡೋ ಹಾಗಿಲ್ಲ."

"ಗೊತ್ತು. ನೀನೂ ಮಾತಾಡೋ ಹಾಗಿಲ್ಲ."

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ಒಂದು ವರ್ಷ ಭಾನುವಾರ ಮನೇಲಿರ್ತಾಳೆ ಅಂದ್ರೆ ನನಗೇನೋ ಸುಖವೇ. ಬೆಳ್ಳುಳ್ಳಿಗೆ ಜೊತೆ ಸಿಕ್ತು." ಎರಡು ಎಸಳು ಸುಲಿದು ಮತ್ತೆ ಅಂದರು: "ಎಲ್ಲಿ, ಅದನ್ನ ಹಾಕ್ಕೊಂಡು ಆ ಮೇಲಿನ ಡಬ್ಬಿ ತೆಗಿ ನೋಡೋಣ."

"ಯಾವ ಡಬ್ಬಿ?"

"ಯಾವುದಾದ್ರೂ ಒಂದು. ಡಬ್ಬಿ ಯಾರಿಗೆ ಬೇಕು!"

ಅವಳು ಸೂಜಿಗಳ ಸಮೇತವೇ ಕೋಟು ತೊಟ್ಟು, ಮುಂಗಾಲ ಮೇಲೆ ನಿಂತು ಅಟ್ಟದ ಡಬ್ಬಿಗೆ ಕೈ ಹಾಕಿದಳು. ನಾಲ್ಕಾರು ಕಡೆ ಚುರುಕ್ ಎಂದಿತು. ಆದರೂ ಕೈ ಇಳಿಸಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಹಿಂದೆ ಮುಂದೆ ನೋಡಿದರು.

"ಅಂಚು ಅಲ್ಲಾಡಲೇ ಇಲ್ಲವಲ್ಲೇ. ಸೊಂಟ ಕಾಣಲ್ಲ. ಇನ್ನೇನು ಬೇಕಂತೆ ಆ ಪುಣ್ಯಾತ್ಮರಿಗೆ?"

ಅವಳು ಡಬ್ಬಿಯನ್ನು ಇದ್ದಲ್ಲಿಗೇ ತಳ್ಳಿ, ಕೋಟು ಕಳಚಿದಳು. ಬ್ಲೇಡನ್ನು ಕಾಗದದಲ್ಲಿ ಸುತ್ತಿ ದಾರದ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಇಪ್ಪತ್ತು ಸೂಜಿಗಳನ್ನೂ ಒಂದೊಂದಾಗಿ ಕಿತ್ತು, ಬಣ್ಣಬಣ್ಣಕ್ಕೆ ಬೇರೆ ಮಾಡಿ ರಟ್ಟಿನ ತುಂಡಿಗೆ ಚುಚ್ಚಿದಳು.

"ಚಪ್ಪಲಿ ಹಾಕ್ಕೋ," ಎಂದಳು ಮಗಳಿಗೆ.

ಗ್ರಂಥಾಲಯದ ಕೋಣೆಯಲ್ಲಿ ಕುರ್ಚಿಗಳು ಅರ್ಧ ಚಂದ್ರನ ಹಾಗೆ ಸಜ್ಜಾಗಿದ್ದವು. ನಡುವೆ, ಕಿಟಕಿಯ ಬೆಳಕಿಗೆ, ಗೊಂಬೆ. ಕುತ್ತಿಗೆಯಿಂದ ಸೊಂಟದವರೆಗೆ ಬಿಳಿ ಬಟ್ಟೆ ಬಿಗಿದ ಮುಂಡ, ಕೆಳಗೆ ಒಂದೇ ಮರದ ಕಾಲು. ಅವಳು ಕೂರದೆ ನೇರ ಹಲ್ಲಿನ ಡಾಕ್ಟರ ಮುಂದೆ ಹೋಗಿ ನಿಂತಳು.

"ನಿಮ್ಮದು ಕೆಂಪು, ಆರು. ಒಂದು ತಿದ್ದಿದೀನಿ, ಜೇಬಿಂದು. ಒಳ್ಳೆ ಮಾತು ಹೇಳಿದ್ರಿ, ಥ್ಯಾಂಕ್ಸ್. ಐದು ತಿದ್ದಿಲ್ಲ."

ಡಾಕ್ಟರು ಅಂಗೈಯಲ್ಲಿ ಬಿದ್ದ ಸೂಜಿಗಳನ್ನು ಕಿತ್ತ ಹಲ್ಲುಗಳ ಹಾಗೆ ನೋಡಿದರು. "ತಿದ್ದದೆ ವಾಪಸು ಕೊಡೋದು ಅಂದ್ರೆ?"

"ಇಟ್ಕೊಂಡು ಏನ್ ಮಾಡ್ಲಿ? ಮನೇಲಿ ವಯಸ್ಸಾದವರಿದಾರೆ, ಚುಚ್ಚುತ್ತೆ."

ಟೋಪಿಯ ಗುಮಾಸ್ತೆ ಕಿಸಕ್ಕನೆ ನಕ್ಕು, ಮೇಡಮ್ಮಿನ ಮುಖ ಕಂಡು ನಗು ನುಂಗಿಕೊಂಡಳು. ಅವಳು ಉಳಿದವರಿಗೂ ಅವರವರ ಸೂಜಿ ಸಾಲಾಗಿ ಹಂಚುತ್ತ ಹೋದಳು. ಹಳದಿ ನಾಲ್ಕು, ಹಸಿರು ಐದು. ಕೊನೆಗೆ ಟೇಪು ಮೇಡಂ ಮುಂದೆ ಎಂಟು ಬಿಳಿ ಸೂಜಿ ಇಟ್ಟಳು.

"ಕೂತ್ಕೊಳಮ್ಮ," ಎಂದರು ಮೇಡಂ. ಅವರ ದನಿ ಏರಲಿಲ್ಲ. ಕೋಟನ್ನು ತೆಗೆದುಕೊಂಡು ತಾವೇ ಗೊಂಬೆಗೆ ತೊಡಿಸಿ, ಗುಂಡಿ ಹಾಕಿ, ಹೆಗಲು ನೀವಿದರು. ತೋಳುಗಳು ಎರಡೂ ಕಡೆ ಜೋತುಬಿದ್ದವು. ಕಂಕುಳಲ್ಲಿ ಬಟ್ಟೆ ಮುದ್ದೆಯಾಗಿ ಉಬ್ಬಿತು. "ನೀನೇ ನೋಡು. ಇದನ್ನ ಪುಸ್ತಕಕ್ಕೆ ಹೇಗೆ ಹಾಕ್ಲಿ? ನೋಡಿದೋರು ನಮ್ಮನ್ನ ನೋಡಿ ನಗಲ್ವಾ?"

"ಮೇಡಂ, ಅದನ್ನ ಇಳಿಸಿ ಕೊಡಿ. ನಾನು ಹಾಕ್ಕೊಂಡು ತೋರಿಸ್ತೀನಿ."

"ಹೊಲಿದವರು ಮಾತಾಡೋ ಹಾಗಿಲ್ಲ, ಗೊತ್ತಲ್ಲ?"

"ಎರಡು ವರ್ಷ ಮಾತಾಡಿಲ್ಲ. ಇವತ್ತು ಮಾತಾಡ್ತೀನಿ. ಇದು ನೇತುಹಾಕೋಕೆ ಹೊಲಿದದ್ದಲ್ಲ ಮೇಡಂ, ದುಡಿಯೋಕೆ ಹೊಲಿದದ್ದು."

"ನೀನು ಹಾಕ್ಕೊಂಡ್ರೆ ಜನ ನಿನ್ನ ನೋಡ್ತಾರೆ, ಹೊಲಿಗೆ ನೋಡಲ್ಲ. ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ಅದಕ್ಕೇ ಎಲ್ಲರಿಗೂ ಒಂದೇ ಗೊಂಬೆ, ಒಂದೇ ನ್ಯಾಯ. ನನ್ನ ಬಟ್ಟೆನೂ ಇದರ ಮೇಲೇ ಇಟ್ಟಿದೀನಿ." ಮೇಡಂ ಹೇಳಿದ್ದರಲ್ಲಿ ಮೋಸವಿರಲಿಲ್ಲ. ಅವರ ಕಣ್ಣಲ್ಲಿ ನೋವೂ ಇತ್ತು. "ಆ ಎರಡು ತುಂಡು ಬಿಚ್ಚು. ಬಿಚ್ಚಿದ್ರೆ ಇಷ್ಟು ಒಳ್ಳೆ ಕೋಟು ಈ ಕೂಟದಲ್ಲಿ ಬಂದಿಲ್ಲ ಅಂತ ನಾನೇ ಬರೀತೀನಿ."

"ಬಿಚ್ಚಲ್ಲ."

"ವರ್ಷ ಪೂರ್ತಿ ಹೊರಗೆ ಕೂತ್ಕೋತೀಯಾ?"

"ಕೂತ್ಕೋತೀನಿ. ಆ ಬೆಂಚಿನ ಮೇಲೆ ಕೂತು ಇಂಥವೇ ಇನ್ನೂ ಹನ್ನೊಂದು ಹೊಲೀತೀನಿ. ಗೋದಾಮಿನಲ್ಲಿ ನಾವು ಹನ್ನೆರಡು ಜನ."

ಅವಳು ನಿಂತೇ ಇದ್ದಳು. ಡಾಕ್ಟರು ಸಂಕೋಚದಿಂದಲೇ ಎದ್ದು ಬಂದರು. "ಬೇಜಾರು ಮಾಡ್ಕೋಬೇಡಿ, ಪದ್ಧತಿ ಪದ್ಧತಿಯೇ," ಎನ್ನುತ್ತ ಕೆಂಪು ಸೂಜಿಯೊಂದನ್ನು ಬೆರಳಲ್ಲಿ ಹಿಡಿದು ಕಂಕುಳ ಹತ್ತಿರ ಬಾಗಿದರು.

ಹಿಂದೆ ಬೆಂಚು ಕಿರ್ ಎಂದಿತು. ಮಗಳು ಎದ್ದು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಕುಳಿತಿರು ಎಂದು ಯಾರೋ ಸನ್ನೆ ಮಾಡಿದರು, ಅವಳು ನೋಡಲಿಲ್ಲ. ಡಾಕ್ಟರ ಮೊಣಕೈ ಕೆಳಗೆ ನುಸುಳಿ, ಕೋಟಿನ ಎಡತೋಳಿನ ತುದಿಯನ್ನು ಹಿಡಿದು ತನ್ನ ತಲೆಯಿಂದಲೂ ಮೇಲಕ್ಕೆ ಎತ್ತಿದಳು. ತೋಳು ಖಾಲಿ ಚೀಲದ ಹಾಗೆ ನಡುವೆ ಮಡಚಿಕೊಂಡಿತು. ಅದರೊಳಕ್ಕೆ ಒಂದು ಕಣ್ಣಿಟ್ಟು ನೋಡಿ, ಟೇಪು ಮೇಡಂ ಕಡೆಗೆ ತಿರುಗಿದಳು.

"ಮೇಡಂ, ಈ ಗೊಂಬೆಗೆ ಕೈ ಎಲ್ಲಿ?"